ಪಂಪಿಗೆ ಎಷ್ಟು ಔಷಧ: ಬಿಲ್ಲಿನ ಮೇಲೆಯೇ ಬರೆದುಕೊಡಲಿ

ಮಾನ್ಯ ಸಂಪಾದಕರೆ,

ತೊಗರಿ ಹೂವಿಗೆ ಬರುವ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಯಾವುದೇ ಗೊಬ್ಬರ-ಔಷಧದ ಅಂಗಡಿಯ ಮುಂದೆ ನಿಂತರೂ ‘ಒಂದು ಪಂಪಿಗೆ ಎರಡು ಮುಚ್ಚಳ ಹಾಕ್ರಿ’ ಎಂಬ ಸಲಹೆ ಕಿವಿಗೆ ಬೀಳುತ್ತದೆ. ಮುಚ್ಚಳದ ಗಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ, ಬೆನ್ನಿಗೆ ಹಾಕಿಕೊಂಡು ಸಿಂಪಡಿಸುವ ಪಂಪುಗಳೂ ಒಂದೇ ಅಳತೆಯವಲ್ಲ. ಲೇಬಲ್ಲಿನಲ್ಲಿ ಪ್ರಮಾಣ ಸಾಮಾನ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿರುತ್ತದೆ. ನಮ್ಮ ರೈತರ ಲೆಕ್ಕವೆಲ್ಲ ಎಕರೆಯದು.

ಉದಾಹರಣೆಗೆ, ಕಾಯಿಕೊರಕ ಹುಳುವಿಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಂಬ ದ್ರವ ಕೀಟನಾಶಕ ತೊಗರಿಗೆ ಹೆಕ್ಟೇರಿಗೆ 150 ಮಿ.ಲೀ., ಅಂದರೆ ಎಕರೆಗೆ 60 ಮಿ.ಲೀ. ಸಾಕು. ಎಕರೆಗೆ 200 ಲೀಟರ್ ನೀರು ಹಿಡಿದರೆ 16 ಲೀಟರಿನ ಪಂಪಿಗೆ ಬೀಳಬೇಕಾದದ್ದು 5 ಮಿ.ಲೀ.ಗಿಂತ ಸ್ವಲ್ಪ ಕಡಿಮೆ. ಇದನ್ನು ಮುಚ್ಚಳದಲ್ಲಿ ಅಳೆಯುವುದಾದರೂ ಹೇಗೆ? ಹೆಚ್ಚು ಸುರಿದರೆ ದುಡ್ಡು ಹಾಳು; ನೀರು ಉಳಿಸಲು ಹೋಗಿ ಎಕರೆಗೆ ನಾಲ್ಕೈದು ಪಂಪಿನಲ್ಲೇ ಮುಗಿಸಿದರೆ ಔಷಧ ಗಿಡದ ಒಳಭಾಗದ ಕಾಯಿಗಳಿಗೆ ತಲುಪುವುದೇ ಇಲ್ಲ.

ಕಳೆನಾಶಕದ ವಿಷಯದಲ್ಲಿ ಅಜಾಗರೂಕತೆ ಇನ್ನೂ ದುಬಾರಿ. ಕಬ್ಬಿಗೆ 2,4-ಡಿ ಹೊಡೆದ ಪಂಪನ್ನೇ ನೀರಾಡಿಸಿ ತೊಗರಿಗೋ ಹತ್ತಿಗೋ ತಂದರೆ, ಉಳಿದ ಅಲ್ಪ ಅಂಶದಿಂದಲೇ ಎಲೆ ಮುದುಡಿ ಕುಡಿ ತಿರುಚಿಕೊಳ್ಳುತ್ತದೆ. ಗಾಳಿ ಬೀಸುವಾಗ ಹೊಡೆದರೆ ಪಕ್ಕದವರ ಹೊಲಕ್ಕೂ ಅದೇ ಗತಿ. ಬದುವಿನ ಜಗಳಗಳಿಗೆ ಇದೊಂದು ಹೊಸ ಕಾರಣವಾಗಬೇಕಿಲ್ಲ. ಕಳೆನಾಶಕಕ್ಕೆ ಬೇರೆಯದೇ ಪಂಪು ಇಟ್ಟುಕೊಳ್ಳುವುದು ಲೇಸು.

ಆಳೆತ್ತರದ ತೊಗರಿಯಲ್ಲಿ ನಳಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯುವುದರಿಂದ, ಸಿಂಪಡಿಸಿದ ಸಾಲಿನೊಳಗೇ ಮುಂದೆ ನಡೆಯುವವನ ಅಂಗಿ ತೋಯ್ದು ಮೈಗೆ ಅಂಟುತ್ತದೆ. ಮೂಗಿಗೆ ಕಟ್ಟಿದ ಟವೆಲ್ ತೇವವಾದ ಮೇಲೆ ವಿಷವನ್ನು ಮುಖಕ್ಕೇ ಒತ್ತಿ ಹಿಡಿಯುತ್ತದೆ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳದಲ್ಲಿ ಎತ್ತರ ಬೆಳೆದಿದ್ದ ಹತ್ತಿಗೆ ಔಷಧ ಹೊಡೆಯುತ್ತಿದ್ದ ಹಲವರು ಪ್ರಾಣ ಕಳೆದುಕೊಂಡರು. ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದ ಕೂಲಿಯವರನ್ನು ಹೊಲಕ್ಕೆ ಇಳಿಸುವ ಮಾಲೀಕರೂ ಇದನ್ನು ಗಮನಿಸಬೇಕು.

ಔಷಧ ಮಾರುವವರು ಬಿಲ್ಲು ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಮೇಲೆಯೇ ಔಷಧದ ಹೆಸರು, ಎಕರೆಗೆ ಮತ್ತು ಪಂಪಿಗೆ ಎಷ್ಟು ಮಿ.ಲೀ. ಎಂಬುದನ್ನು ಕನ್ನಡದಲ್ಲಿ ಬರೆದು, ಜೊತೆಗೊಂದು ಅಳತೆಯ ಲೋಟ ಕೊಡುವಂತೆ ಕೃಷಿ ಇಲಾಖೆ ಅಂಗಡಿಗಳಿಗೆ ಸೂಚಿಸಲಿ. ಯಾರಾದರೂ ಅಸ್ವಸ್ಥರಾದಾಗ ಆ ಚೀಟಿ ಆಸ್ಪತ್ರೆಯಲ್ಲೂ ಬೇಕಾಗುತ್ತದೆ, ಏಕೆಂದರೆ ಹೊಟ್ಟೆಗೆ ಅಥವಾ ಮೈಗೆ ಹೋದದ್ದು ಯಾವ ವಿಷ ಎಂಬುದರ ಮೇಲೆ ವೈದ್ಯರು ಕೊಡುವ ಚಿಕಿತ್ಸೆ ನಿಂತಿರುತ್ತದೆ.

– ಒಬ್ಬ ತೊಗರಿ ಬೆಳೆಗಾರ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ