ಬ್ಯಾಂಜೊ ಬಗ್ಗೆ ಬರೆದ ತಂಗಿಗೆ

ಪ್ರೀತಿಯ ತಂಗಿ,

ಅಮೆರಿಕದ ಕಪ್ಪು ಬ್ಲೂಸ್ ಸಂಗೀತಗಾರ ಓಟಿಸ್ ಟೇಲರ್ ಅವರ 2008ರ ಆಲ್ಬಂ ‘ರೀಕ್ಯಾಪ್ಚರಿಂಗ್ ದ ಬ್ಯಾಂಜೊ’ ಕೇಳಿ ಕನ್ನಡದಲ್ಲಿ ವಿಮರ್ಶೆ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದಕ್ಕೇ ನನಗೆ ಖುಷಿ. ‘ಯಾರೂ ಓದಲ್ಲ, ಬಿಟ್ಟುಬಿಡ್ಲಾ ಅಕ್ಕಾ?’ ಅಂತ ಕೇಳಿದ್ದೀಯ. ಬಿಡಬೇಡ. ಕಾಗುಣಿತ, ಎಲ್ಲಿಗೆ ಕಳಿಸುವುದು, ಅದೆಲ್ಲ ಆಮೇಲೆ ನೋಡೋಣ.

ನನ್ನ ತಕರಾರು ಒಂದೇ. ಮೊದಲ ಪುಟದಲ್ಲೇ ‘ಅದ್ಭುತ’, ‘ಮಾಂತ್ರಿಕ’, ‘ಅಮೋಘ’ ಅಂತ ಸುರಿದಿದ್ದೀಯ. ನುಡಿಸಿದವರು ಎಲ್ಲಮ್ಮಾ? ‘ಇತರ ಕಲಾವಿದರು’ ಅಂದು ಮುಗಿಸಿದ್ದೀಯ. ಗೈ ಡೇವಿಸ್, ಕೋರಿ ಹ್ಯಾರಿಸ್, ಆಲ್ವಿನ್ ಯಂಗ್‌ಬ್ಲಡ್ ಹಾರ್ಟ್, ಕೆಬ್ ಮೋ, ಡಾನ್ ವ್ಯಾಪಿ. ಐದು ಹೆಸರಿಗೂ ಜಾಗ ಇರಲಿಲ್ಲವೇ?

ಬ್ಯಾಂಜೊ ಅನ್ನುವ ಈ ತಂತಿವಾದ್ಯದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಸೋರೆಬುರುಡೆಗೆ ಚರ್ಮ ಬಿಗಿದು ಅಮೆರಿಕ, ಕೆರಿಬಿಯನ್ ದ್ವೀಪಗಳಲ್ಲಿ ಅದನ್ನು ಮೊದಲು ನುಡಿಸಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅದನ್ನೇ ರಂಗದ ಮೇಲೆ ನುಡಿಸಿ ದುಡ್ಡು ಮಾಡಿದರು. ಅವರಲ್ಲೊಬ್ಬ ವರ್ಜೀನಿಯಾದ ಜೋಯೆಲ್ ಸ್ವೀನಿ. ಅವನ ಹೆಸರು ಪುಸ್ತಕಗಳಲ್ಲಿದೆ. ಅವನು ಯಾರನ್ನು ನೋಡಿ ಕಲಿತನೋ ಆ ಕಪ್ಪು ಜನರ ಹೆಸರಿಲ್ಲ. ಟೇಲರ್ ಕಪ್ಪು ವಾದಕರನ್ನೇ ಒಟ್ಟು ಸೇರಿಸಿದ್ದು ಯಾಕೆ ಅಂದುಕೊಂಡೆ?

ಹಿಂದೆ ನನ್ನ ಕಛೇರಿ ವಿಮರ್ಶೆಯೊಂದರಲ್ಲಿ ಒಬ್ಬ ಸಂಪಾದಕರು ಪಕ್ಕವಾದ್ಯದವರ ಹೆಸರೆಲ್ಲ ಹೊಡೆದುಹಾಕಿದರು. ಹೊಗಳಿಕೆಯನ್ನು ಮಾತ್ರ ಹಾಗೇ ಉಳಿಸಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನುಡಿಸುವ ಕೈ ನೋಡಿ ಬರೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಬ್ಯಾಂಜೊಗೆ ಹತ್ತಿರದ ವಾದ್ಯ, ಅದಕ್ಕೆ ಮೂರು ತಂತಿ. ಉಗುರು ತಂತಿಯನ್ನು ಕೆಳಕ್ಕೆ ಹೊಡೆಯುತ್ತದೆ, ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತದೆ. ಅಮೆರಿಕದ ಅಪಲಾಚಿಯ ಬೆಟ್ಟಗಳಲ್ಲಿ ಬ್ಯಾಂಜೊ ನುಡಿಸುವ ಕ್ಲಾಹ್ಯಾಮರ್ ಶೈಲಿ ಕೂಡ ಹೆಚ್ಚುಕಮ್ಮಿ ಹೀಗೇ. ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿ ಸಂಗೀತದಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಲ್ಲಿ ಮೀಟಿದರು. ವ್ಯಾಪಿ ನ್ಯೂ ಆರ್ಲಿಯನ್ಸ್‌ನವರು. ಅಲ್ಲಿನ ಜಾಜ್‌ನಲ್ಲಿ ನಾಲ್ಕು ತಂತಿಯ ಟೆನರ್ ಬ್ಯಾಂಜೊ, ಕೈಯಲ್ಲಿ ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್. ಇಷ್ಟು ಹೇಳಿದರೆ ಒಂದೊಂದರ ಸದ್ದು ಯಾಕೆ ಬೇರೆ ಅಂತ ಓದುವವರಿಗೇ ಹೊಳೆಯುತ್ತದೆ, ಅಲ್ವಾ? ‘ಮಾಂತ್ರಿಕ’ ಅಂದರೆ ಏನು ಹೊಳೆಯುತ್ತದೆ ಹೇಳು.

ಆಲ್ಬಂನ ‘ಹೇ ಜೋ’ ಹಾಡಿನ ಬಗ್ಗೆ ಬರೆದ ಪ್ಯಾರಾ ಮುಟ್ಟಬೇಡ. ಅಲ್ಲಿ ನೀನು ನಿಜವಾಗಿ ಕಿವಿಗೊಟ್ಟಿದ್ದೀಯ. ಅದನ್ನು ಓದಿಯೇ ಈ ಕಾಗದ ಬರೆಯಲು ಕೂತೆ. ಉಳಿದದ್ದನ್ನು ವ್ಯಾಪಿಯಿಂದ ಶುರುಮಾಡಿ ಮತ್ತೆ ಬರೆ. ಬರೆದ ಕೂಡಲೇ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಕ್ಕ