ಪಿಟೀಲು ಮೇಷ್ಟ್ರಿಗೆ ಇದೇನಾ ಗೌರವ?

ಮಾನ್ಯರೇ,

ವಯೊಲಿನ್ ಮೇಷ್ಟ್ರ ನೆನಪಿನ ಕಾರ್ಯಕ್ರಮ ‘ಯಶಸ್ವಿ’ ಎಂದು ನಿಮ್ಮ ನಿನ್ನೆಯ ಸಂಚಿಕೆಯಲ್ಲಿ ಓದಿ ನಗು ಬಂತು. ಅವರು ಕಟ್ಟಿದ ವಾದ್ಯವೃಂದವನ್ನು ವರದಿಗಾರರು ‘ಆರ್ಕೆಸ್ಟ್ರಾ’ ಎಂದಿದ್ದಾರೆ. ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು. ಸಭಾಂಗಣದವರೂ ಹಾಗೇ ತಿಳಿದರೋ ಏನೋ.

ಐದರ ಕಾರ್ಯಕ್ರಮಕ್ಕೆ ಮೂರಕ್ಕೇ ಹೋದರೆ ಶ್ರುತಿ ಮಾಡಿಕೊಳ್ಳಬೇಕಾದ ಪಕ್ಕದ ಕೋಣೆಗೆ ಬೀಗ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರಂತೆ. ಎಂಥಾ ಊಟವೋ, ನಾಲ್ಕೂವರೆಯವರೆಗೆ! ಆಷಾಢದ ಮಳೆ ಪೋರ್ಟಿಕೋಗೆ ಎರಚುತ್ತಿದ್ದರೆ ಮೇಷ್ಟ್ರ ಶಿಷ್ಯ ಮಕ್ಕಳು ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು ನಿಂತಿದ್ದವು. 16 ಪಿಟೀಲು ಎಂದರೆ 64 ತಂತಿ. ಸ-ಪ-ಸ-ಪ ಎಂದು ಒಂದೊಂದನ್ನೂ ತಂಬೂರಿಯ ಶ್ರುತಿಗೆ ಕೂಡಿಸಲು ಮುಕ್ಕಾಲು ಗಂಟೆಯಾದರೂ ಬೇಕು. ತಂತಿ ಬಿಗಿಯುವ ಮರದ ಬಿರಡೆ ತೇವಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಒಣಗಾಳಿಗೆ ಕುಗ್ಗಿ ಜಾರುತ್ತದೆ. ಜಾರುವ ಬಿರಡೆಗೆ ಚಿಟಿಕೆ ಬಳಪದ ಪುಡಿ ಸವರಿ, ಒಳಕ್ಕೆ ಒತ್ತುತ್ತಾ ತಿರುಗಿಸಬೇಕು. ಮೇಷ್ಟ್ರ ಜೇಬಿನಲ್ಲಿ ಆ ಪುಡಿಯ ಪೊಟ್ಟಣ ಸದಾ ಇರುತ್ತಿತ್ತು. ಹಿಂದಿನ ಸಾಲಿನ ಪುಟಾಣಿಗಳ ಮುಕ್ಕಾಲು ಸೈಜಿನ ಪಿಟೀಲಿನಿಂದ ಶುರುಮಾಡಿ ಎಲ್ಲವನ್ನೂ ತಾವೇ ಶ್ರುತಿ ಮಾಡಿ, ಕೊನೆಗೆ ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. 16 ಕಮಾನೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಒಂದು ತಪ್ಪಿದರೂ ನುಡಿಸುತ್ತಿದ್ದ ವರ್ಣ ಎಂಬ ರಚನೆ ಮತ್ತೆ ಮೊದಲಿಂದ.

ಅಂಥವರ ಶಿಷ್ಯರು ಶ್ರುತಿ ಮಾಡಿಕೊಂಡು ವೇದಿಕೆಯಲ್ಲಿ ಕೂತರೆ ಅತಿಥಿಗಳು ಬಂದದ್ದು ಆರೂಕಾಲಿಗೆ. ಅಷ್ಟೂ ಹೊತ್ತು ನೆತ್ತಿಯ ಮೇಲೆ ಎ.ಸಿ.ಯ ಒಣಗಾಳಿ. ಹಾರ, ಶಾಲು, ನೆನಪಿನ ಕಾಣಿಕೆ ಮುಗಿಯುವಷ್ಟರಲ್ಲಿ ಅರ್ಧ ಬಿರಡೆಗಳು ಸಡಿಲ; ಒಂದು ಪಿಟೀಲಿನ ತಂತಿಗಳೆಲ್ಲ ಸೋತು, ಅವನ್ನು ಹೊತ್ತು ನಿಲ್ಲುವ ಮರದ ಕುದುರೆಯೇ ಮಗುಚಿತು. ಇಬ್ಬರಿಗೆ ಒಂದರಂತೆ ಎಂಟು ಮೈಕ್ ಕೇಳಿದ್ದೆವು, ಕೊಟ್ಟದ್ದು ಮೂರು. ಒಂದು ನಿರೂಪಕಿಗೆ, ಒಂದು ಮೃದಂಗಕ್ಕೆ. ಉಳಿದ ಒಂದರ ವಾಲ್ಯೂಮ್ ಏರಿಸಿದ್ದೇ ತಡ, ‘ಕುಂಯ್’ ಎಂದಿತು.

ಅತಿಥಿಗಳ ಭಾಷಣವೋ, ಕೇಳಲೇಬೇಡಿ. ಏಳು ತಂತಿಯ ಪಿಟೀಲು ಕಂಡುಹಿಡಿದದ್ದು ನಮ್ಮ ಮೇಷ್ಟ್ರಂತೆ! ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು ನಾಲ್ಕರ ಜೊತೆ ಮೂರು ತಂತಿ ಸೇರಿಸಿದವರು ತಿರುಮಕೂಡಲು ನರಸೀಪುರದ ಚೌಡಯ್ಯನವರು. ಬೆಂಗಳೂರಿನವರು 1980ರಲ್ಲಿ ಅವರ ಹೆಸರಿಗೆ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದರು. ನಮ್ಮಲ್ಲಿ ಮೈಕ್ ಇದ್ದೂ ಹಿಂದಿನ ಸಾಲಿಗೆ ಕೇಳಿಸಲಿಲ್ಲ.

ವೃಂದದ ಅಭ್ಯಾಸಕ್ಕೆ ಒಂದು ಕೋಣೆ ಕೊಡಿ ಎಂದು ಮೇಷ್ಟ್ರು ಇದ್ದಾಗಲೇ ಕೊಟ್ಟ ಅರ್ಜಿ ‘ಮೂರು ಪ್ರತಿ ಲಗತ್ತಿಸಿ’ ಎಂಬ ಷರಾ ಹೊತ್ತು ವಾಪಸಾಯಿತು. ಲಗತ್ತಿಸಿದ ಮೇಲೆ ಸಾಹೇಬರ ವರ್ಗಾವಣೆ. ಅದೇ ಅಧಿಕಾರಿಗಳೇ ಅಲ್ಲವೇ ದುರ್ಗಿಗುಡಿಯ ರಸ್ತೆ ಅಗೆದು ಹೋಗಿ ಮರೆತದ್ದು? ಪಿಟೀಲು ಹೊತ್ತ ಮಕ್ಕಳು ಇವತ್ತಿಗೂ ಆ ಗುಂಡಿ ಹಾರಿಯೇ ಪಾಠಕ್ಕೆ ಹೋಗಬೇಕು.

ಸಭಾಂಗಣದ ಆ ಬೀಗದ ಕೋಣೆಗೆ ಮೇಷ್ಟ್ರ ಹೆಸರಿಡಿ. ಹೆಸರು ಬೇಡವೆಂದರೆ ಬೀಗವಾದರೂ ತೆಗೆಯಿರಿ. ಇಲ್ಲವೇ ಶಾಲು ಕಡಿಮೆ ಮಾಡಿ ಮೈಕ್ ಜಾಸ್ತಿ ಮಾಡಿ. ಏನಾದರೊಂದು ಮಾಡಿ ಸ್ವಾಮಿ, ಬಾಡಿಗೆಯನ್ನಂತೂ ಮುಂಗಡವೇ ಎಣಿಸಿಕೊಳ್ಳುತ್ತೀರಲ್ಲ!

ನೊಂದ ಶ್ರೋತೃ, ದುರ್ಗಿಗುಡಿ, ಶಿವಮೊಗ್ಗ