ಎಲೆಯ ಹದ ತಿಳಿದು ಬರೆಯಿರಿ

ಪ್ರಿಯ ಮಿತ್ರರೇ,

ಅಮೆರಿಕದ ವರ್ಜೀನಿಯಾ, ಆಗಿನ ಇಂಗ್ಲಿಷ್ ವಸಾಹತಿನಲ್ಲಿ ನಡೆಯುವ ನಿಮ್ಮ ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿದೆ. 1680, ಜೇಮ್ಸ್ ನದಿಯ ದಂಡೆ, ಹೊಗೆಸೊಪ್ಪಿನ ಹೊಲ. ಮಾತುಕತೆಗೆ ಜೀವವಿದೆ. ಆದರೆ ದುಡಿಮೆಯನ್ನು ‘ಹಗಲಿರುಳು ಬೆವರು ಸುರಿಸಿದರು’ ಎಂದು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಆ ಜನರ ಇಡೀ ವರ್ಷ ಅದರಲ್ಲೇ ಕಳೆಯುತ್ತಿತ್ತಲ್ಲ!

ಚಳಿ ಮುಗಿಯುವ ಮುಂಚೆ ಕಾಡಿನ ನೆಲದ ಮೇಲೆ ಸೌದೆ ಸುಟ್ಟು ಸಸಿಮಡಿ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಮಳೆ ಬಿದ್ದೊಡನೆ ನಾಟಿ. ಹೆಚ್ಚಿನವರಿಗೆ ನೇಗಿಲಿಲ್ಲ, 3-4 ಅಡಿಗೊಂದರಂತೆ ಗುದ್ದಲಿಯಲ್ಲೇ ಗುಡ್ಡೆ ಎಳೆಯಬೇಕು. ಒಬ್ಬ ಆಳಿಗೆ 2-3 ಎಕರೆ, ಅಂದರೆ ಸಾವಿರಾರು ಗಿಡ. ತುದಿಕುಡಿ ಚಿವುಟಿದರೆ ಎಲೆಯ ಕಂಕುಳಲ್ಲಿ ಮರಿಕುಡಿ ಒಡೆಯುತ್ತದೆ, ಅದನ್ನೂ ಮುರಿಯಬೇಕು. ಹುಳುವನ್ನು ಎಲೆ ಮಗುಚಿ ಮಗುಚಿ ಕೈಯಲ್ಲೇ ಹೆಕ್ಕಬೇಕು.

ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿಯನ್ನು ಅಲ್ಲಿಗೆ ಒಯ್ದಿದ್ದೀರಿ. ಕೊಳವೆಯಲ್ಲಿ ಬಿಸಿ ಹಾಯಿಸುವ ಪದ್ಧತಿ 19ನೇ ಶತಮಾನದ್ದು. ನಿಮ್ಮ ಕಥೆಯ ಕಾಲದಲ್ಲಿ ಗಿಡವನ್ನು ಇಡಿಯಾಗಿ ತೂಗುಹಾಕಿ ಗಾಳಿಗೇ ಒಣಗಿಸುತ್ತಿದ್ದರು. ಮುಂದಿನ ಹದವೇ ಕಷ್ಟದ್ದು. ಒಣಗಿದ್ದನ್ನು ಹಾಗೇ ಮುಟ್ಟಿದರೆ ಪುಡಿಪುಡಿ. ತೇವ ಹೆಚ್ಚಿದ್ದರೆ ಪೀಪಾಯಿಯೊಳಗೆ ಬೂಷ್ಟು ಹಿಡಿದು ಕೊಳೆಯುತ್ತದೆ. ಅದಕ್ಕೇ ಮೋಡ ಮುಸುಕಿದ ಥಂಡಿ ದಿನ ಬರಲೆಂದು ಕಾದು, ಎಲೆ ಚರ್ಮದ ಹಾಗೆ ಮೆತ್ತಗಾದಾಗ ಬಿಡಿಸಿ, ಪೀಪಾಯಿಗೆ ಅದುಮಿ ತುಂಬುತ್ತಿದ್ದರು.

ಸರ್ಕಾರಿ ಉಗ್ರಾಣದ ತಪಾಸಣೆಯ ದೃಶ್ಯ ತೆಗೆದುಹಾಕಿ. ಆ ತಪಾಸಣೆಯ ಕಾನೂನು ಬಂದದ್ದು 1730ರಲ್ಲಿ. ನಿಮ್ಮ ಕಾಲದಲ್ಲಿ ಹಡಗೇ ನದಿಯೊಳಕ್ಕೆ ಬಂದು ಸರಕು ಎತ್ತುತ್ತಿತ್ತು. ನಾಟಕೀಯತೆ ಬೇಕಿದ್ದರೆ ಕಥೆಯನ್ನು 1682ಕ್ಕೆ ಸರಿಸಿ: ಬೆಲೆ ಕುಸಿದು ಕಂಗಾಲಾದ ಬೆಳೆಗಾರರು ಗ್ಲಾಸ್ಟರ್ ಕೌಂಟಿಯಲ್ಲಿ ಹೊಗೆಸೊಪ್ಪಿನ ಗಿಡಗಳನ್ನೇ ಕತ್ತರಿಸಿ ಹಾಕಿದರು.

ಇನ್ನೊಂದು ತಪ್ಪಂತೂ ಉಳಿಯಲೇಬಾರದು. ನಿಮ್ಮ ಕಥೆಯಲ್ಲಿ, ಇಂತಿಷ್ಟು ವರ್ಷ ದುಡಿಯುವ ಕರಾರಿನ ಮೇಲೆ ಇಂಗ್ಲೆಂಡಿನಿಂದ ಬಂದ ಹುಡುಗನೂ ಗುಲಾಮಳಾದ ಆಫ್ರಿಕಾದ ಹೆಂಗಸೂ ಒಟ್ಟಿಗೆ ಬಿಡುಗಡೆಯ ದಿನ ಎಣಿಸುತ್ತಾರೆ. ಅವನ ಕರಾರು ಸಾಮಾನ್ಯವಾಗಿ 4ರಿಂದ 7 ವರ್ಷ, ಬದುಕಿದ್ದರೆ ಮುಗಿಯುತ್ತದೆ. ಅವಳದಕ್ಕೆ ಅವಧಿಯೇ ಇಲ್ಲ. ತಾಯಿಯ ಸ್ಥಿತಿಯೇ ಮಗುವಿನದು ಎಂದು 1662ರ ಕಾನೂನು ಹೇಳಿತ್ತು; ಅವಳ ಹೊಟ್ಟೆಯಲ್ಲಿರುವ ಕೂಸೂ ಹುಟ್ಟುವಾಗಲೇ ಒಡೆಯನ ಸೊತ್ತು. ನೀವು ಅವಳ ಬಸಿರನ್ನು ಹರ್ಷದಿಂದ ಬರೆದಿದ್ದೀರಿ. ಆ ಪುಟ ಪೂರ್ತಿ ಬದಲಾಗಬೇಕು.

ನಾಲ್ಕನೇ ಅಧ್ಯಾಯವನ್ನು ಒಂದು ಥಂಡಿ ಬೆಳಗಿನಿಂದ ಶುರುಮಾಡಿ. ಇಬ್ಬರೂ ಒಂದೇ ರಾಶಿಯ ಮುಂದೆ ಕೂತು ಎಲೆ ಬಿಡಿಸುತ್ತಿರಲಿ. ಬರೆದು ಕಳಿಸಿ, ಓದುತ್ತೇನೆ.